ಇಪ್ಪತ್ತು ಕ್ಲಿಕ್ಕಿನ ಪರೀಕ್ಷೆ

ಮೊದಲನೆಯ ದಿನ, ಬೆಳಿಗ್ಗೆ ಏಳು ಗಂಟೆ. ವೈನಿ ಬಾಯಿ ಮುಕ್ಕಳಿಸುತ್ತಿದ್ದರು. ನೀರು ತುಟಿಯ ಎಡತುದಿಯಿಂದ ತಾನಾಗಿ ಸೋರಿತು. ಮತ್ತೆ ತುಂಬಿಕೊಂಡರು. ಮತ್ತೆ ಸೋರಿತು. ಗಾಬರಿಯಿಂದ ಕನ್ನಡಿ ಮುಂದೆ ಹೋಗಿ ನಕ್ಕು ನೋಡಿದರು.

ಅರ್ಧ ಮುಖ ಮಾತ್ರ ನಕ್ಕಿತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ಮಹಾದೇವಿ. ತವರು ಚಿಂಚೋಳಿ ಕಡೆಯ ಕೊಡ್ಲಿ. ನಾವಿರುವುದು ಶಹಾಬಾದಿನಲ್ಲಿ. ಅಣ್ಣ ವಾಡಿಯ ಫ್ಯಾಕ್ಟರಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಪಕ್ಕದ ಮನೆಯವರು ಬಂದು ನೋಡಿ "ಲಕ್ವಾ ಹೊಡದದ" ಎಂದರು. ಅವತ್ತೇ ಕಲಬುರಗಿಗೆ ಕರೆದುಕೊಂಡು ಹೋದೆವು. ಲಕ್ವಾ ಅಲ್ಲ, ಬೆಲ್ಸ್ ಪಾಲ್ಸಿ ಎಂದರು ಡಾಕ್ಟರ್. ಮುಖದ ಒಂದು ಬದಿಯ ನರ ಊದಿಕೊಂಡಿದೆ, ಬಹುತೇಕ ವಾಸಿಯಾಗುತ್ತದೆ, ತಿಂಗಳುಗಳು ಹಿಡಿಯಬಹುದು. ಸ್ಟೆರಾಯ್ಡ್ ಮಾತ್ರೆ, ಮುಚ್ಚದ ಎಡಗಣ್ಣಿಗೆ ಐ ಡ್ರಾಪ್ಸ್, ಮಲಗುವಾಗ ರೆಪ್ಪೆಗೆ ಟೇಪ್. ಎಲ್ಲಾ ಬರೆದಿಡಿ ಎಂದರು. ಬರೆದಿಡುವುದು ನನಗೆ ಹೇಳಿಸಿಕೊಳ್ಳಬೇಕಾದ ಕೆಲಸವಲ್ಲ. ದಿನಕ್ಕೆ ಎಷ್ಟು ಹನಿ, ಎಷ್ಟು ಹೊತ್ತಿಗೆ, ಎಷ್ಟು ಸಲ ಹುಬ್ಬು ಎತ್ತಲು ನೋಡಿದರು, ಎಲ್ಲಿ ನೋವು, ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಕಾಲಮ್ಮು ಮಾಡಿದೆ.

ನಾಲ್ಕನೆಯ ದಿನ ವೈನಿ ಎಡಗಿವಿ ಮುಚ್ಚಿಕೊಂಡು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು.

"ಸುಜಿ, ಆ ಟಿಕ್ ಟಿಕ್ ಜರಾ ನಿಲ್ಲಸು. ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ಲಿಕತ್ತದ."

ನನ್ನ ಕೆಲಸವೇ ಆ ಟಿಕ್ ಟಿಕ್. ಕಂಪ್ಯೂಟರಿನಲ್ಲಿ ಬರುವ ರಸ್ತೆಯ ಚಿತ್ರಗಳಲ್ಲಿ ಗಾಡಿ, ದನ, ಮನುಷ್ಯರ ಸುತ್ತ, ಯಂತ್ರಕ್ಕೆ ಗುರುತು ಹಿಡಿಯಲು ಕಲಿಸುವುದಕ್ಕಾಗಿ, ಮೌಸಿನಿಂದ ಚೌಕ ಎಳೆಯಬೇಕು. ದಿನಕ್ಕೆ ಮುನ್ನೂರು ಚಿತ್ರ. ಕಾಯಿಲೆಗೂ ಮುಂಚೆ ವೈನಿ, "ದಿನಾ ಪೂರಾ ಇಲಿ ಹಿಡ್ಕೊಂಡು ಕುಂದರ್ತಿ, ಒಂದ ರೊಟ್ಟಿನರ ಬಡಿ" ಎಂದು ಚೇಷ್ಟೆ ಮಾಡುತ್ತಿದ್ದರು. ಅದು ನನ್ನ ಮನಸ್ಸಿನಲ್ಲಿ ಕೂತಿತ್ತು. ನಮ್ಮ ಹಿಂದಿನ ಓಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಮಷೀನು ಬೆಳಗಿನಿಂದ ಸಂಜೆವರೆಗೆ ಕಿರುಚುತ್ತದೆ. ಅದಕ್ಕೆ ಒಂದು ಮಾತೂ ಆಡದವರು ನನ್ನ ಮೌಸಿಗೆ ನೋವು ಎಂದರೆ ಹೇಗೆ ನಂಬುವುದು?

ನಾನು ನಂಬಲಿಲ್ಲ. ಪರೀಕ್ಷೆ ಮಾಡಿದೆ.

ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಹಳೆಯ ಮೌಸೊಂದನ್ನು ದುಪಟ್ಟಾದ ಒಳಗೆ ಹಿಡಿದೆ. ವೈನಿ ಎಡಗಣ್ಣಿಗೆ ಹನಿ ಹಾಕಿಸಿಕೊಂಡು, ರೆಪ್ಪೆಗೆ ಟೇಪ್ ಅಂಟಿಸಿಕೊಂಡು, ಬಲಗಣ್ಣು ಮುಚ್ಚಿ ಮಲಗಿರುವಾಗ ಅವರ ಎಡಕ್ಕೆ ನಿಂತು ಒತ್ತಿದೆ. ಎರಡು ದಿನ, ಇಪ್ಪತ್ತು ಸಲ. ಬೆಚ್ಚಿದರೆ ಅದೇ ನೋಟ್‌ಬುಕ್ಕಿನಲ್ಲಿ ಒಂದು ಗೆರೆ. ಬೆಚ್ಚದಿದ್ದರೆ ಸೊನ್ನೆ. ಮೊದಲ ಐದು ಗೆರೆ ಬಿದ್ದಾಗಲೇ ನಿಲ್ಲಿಸಬಹುದಿತ್ತು. ಇಪ್ಪತ್ತು ಎಂದು ಮೊದಲೇ ಬರೆದುಕೊಂಡಿದ್ದರಿಂದ ನಿಲ್ಲಿಸಲಿಲ್ಲ.

ಹದಿನೇಳು ಗೆರೆ, ಮೂರು ಸೊನ್ನೆ. ಆಮೇಲೂ ನಾನು ಬಾಯಿ ಬಿಡಲಿಲ್ಲ.

ಹದಿನೈದನೆಯ ದಿನ ಮತ್ತೆ ಕಲಬುರಗಿ. ಡಾಕ್ಟರ್ ನನ್ನ ನೋಟ್‌ಬುಕ್ ತಿರುವುತ್ತಾ, "ಭಾಳ ಚಂದ ಬರದೀರಿ" ಎಂದರು. ನಾನು ಹಿಗ್ಗಿದೆ. ಅವರು ಇನ್ನೊಂದು ಪುಟ ತಿರುವಿದರು.

"ಇದೇನ್ರಿ? ಎಡಗಿವಿ ಹತ್ರ ಇಪ್ಪತ್ತು ಕ್ಲಿಕ್. ಬೆಚ್ಚಿದ್ದು ಹದಿನೇಳು. ಹೇಳದೆ ಮಾಡಿದ್ದು."

ವೈನಿ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು.

ಡಾಕ್ಟರ್ ನೋಟ್‌ಬುಕ್ ಮುಚ್ಚಿ ನಿಧಾನವಾಗಿ ಹೇಳಿದರು. ಕಿವಿಯೊಳಗೆ ಒಂದು ಪುಟ್ಟ ಸ್ನಾಯು ಇದೆ. ಶಬ್ದದ ಪೆಟ್ಟನ್ನು ಅದು ತಗ್ಗಿಸುತ್ತದೆ. ಅದನ್ನು ನಡೆಸುವುದೂ ಊದಿಕೊಂಡ ಇದೇ ನರ. "ಅವರಿಗಿ ಖರೇನೇ ನೋಯ್ತದರಿ. ಕೇಳಿದ್ರ ನಾನೇ ಹೇಳ್ತಿದ್ದೆ. ಪರೀಕ್ಷಾ ಯಾಕ ಬೇಕಿತ್ತು?"

ಬಸ್ಸಿನಲ್ಲಿ ವೈನಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಶಹಾಬಾದ್ ಹತ್ತಿರ ಬಂದಾಗ ಒಂದೇ ಸಲ ಮಾತಾಡಿದರು.

"ಕಲ್ಲಿನ ಮಷೀನಿನ ಸದ್ದಿಗೂ ಕಿವಿ ನೋಯ್ತದ ಸುಜಿ. ಬಂದ್ ಮಾಡ್ರಿ ಅಂತ ಯಾರಿಗ ಹೇಳ್ಲಿ? ನೀ ಮನ್ಯಾಕಿ ಅಂತ ನಿನಗ ಹೇಳ್ದೆ."

ಅವತ್ತಿನಿಂದ ಹೇಳುವುದನ್ನೇ ಬಿಟ್ಟರು. ಕಣ್ಣು ಉರಿಯುತ್ತದೆಯಾ? "ಏನಿಲ್ಲ." ಕಿವಿ? "ಏನಿಲ್ಲ." ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ನೋವಿನ ಕಾಲಮ್ಮಿನಲ್ಲಿ ಸಾಲಾಗಿ ಇಲ್ಲ, ಇಲ್ಲ, ಇಲ್ಲ. ನಾನು ಬರೆದ ಪುಟಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾದ ಸುಳ್ಳು ಅದು. ನೋವು ಇರುವುದು ಗೊತ್ತು, ಎಲ್ಲಿ ಎಂದು ಗೊತ್ತಿಲ್ಲ. ಹೀಗಾದರೆ ಆರೈಕೆ ಮಾಡುವುದು ಹೇಗೆ? ಕ್ಷಮೆ ಕೇಳಿದೆ. "ಆತ್ ಬಿಡು" ಎಂದರು. ಅದೂ "ಏನಿಲ್ಲ"ದ ಹಾಗೆಯೇ ಇತ್ತು.

ಹದಿನೆಂಟನೆಯ ದಿನ ಮೌಸು ಬಿಚ್ಚಿದೆ. ಅಡಿಯ ಅಂಟುಪಟ್ಟಿ ಎಬ್ಬಿಸಿದರೆ ಸ್ಕ್ರೂ ಸಿಗುತ್ತದೆ. ಒಳಗೆ ಒಂದೊಂದು ಗುಂಡಿಯ ಕೆಳಗೂ ಪುಟ್ಟ ಕರಿ ಸ್ವಿಚ್ಚು. ಟಿಕ್ ಎನ್ನುವುದು ಅದೇ. ಅದರ ತಲೆಯ ಮೇಲೆ ವೈನಿಯ ಕಣ್ಣಿನ ಟೇಪನ್ನೇ ಕತ್ತರಿಸಿ ಅಂಟಿಸಿದೆ. ಒಂದು ಪದರ, ಏನೂ ಬದಲಾಗಲಿಲ್ಲ. ಮೂರು ಪದರ, ಸದ್ದು ಸ್ವಲ್ಪ ಮಂದವಾಯಿತು. ನಾಲ್ಕು ಪದರಕ್ಕೆ ಗುಂಡಿ ಒತ್ತಿಕೊಂಡೇ ನಿಂತಿತು. ಪರದೆಯ ಮೇಲಿದ್ದ ಎಮ್ಮೆಯ ಸುತ್ತ ಊರಗಲದ ಚೌಕ ಬಿತ್ತು.

ವಾಡಿಯಲ್ಲಿ ರಿಪೇರಿ ಅಂಗಡಿಯ ನಡುವಯಸ್ಸಿನವರೊಬ್ಬರು ಆ ಸ್ವಿಚ್ಚುಗಳನ್ನು ತೆಗೆದು, ಸದ್ದಿಲ್ಲದವನ್ನು ಬೆಸುಗೆ ಹಾಕಿಕೊಟ್ಟರು. "ಆಟ ಆಡಾವ್ರು ಟಕ್ ಟಕ್ ಬೇಕಂತಾರ. ನೀವು ಬ್ಯಾಡಂತೀರಿ. ಕದ್ದು ಕೆಲಸ ಮಾಡ್ತೀರೇನವಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಒತ್ತಿ ನೋಡಿದೆ. ಸದ್ದೇ ಇಲ್ಲ. "ಈಗ ಹೆಂಗ್ರೀ ವೈನಿ?" ಎಂದು ಕೂಗಿದೆ.

"ಏನಿಲ್ಲ."

ಆದರೆ ಅವರ ದಿಂಬು ಗೋಡೆಯ ಕಡೆಯಿಂದ ಮಂಚದ ಇನ್ನೊಂದು ತುದಿಗೆ ಹೋಗಿತ್ತು. ನಾನು ಕೇಳಲಿಲ್ಲ. ಕೇಳುವ ಹಕ್ಕು ಕಳೆದುಕೊಂಡವಳ ಹಾಗೆ ಆರು ದಿನ ಸುಮ್ಮನೆ ಕೆಲಸ ಮಾಡಿದೆ.

ಅಲ್ಲಿಂದ ಏಳನೆಯ ದಿನ ಮಧ್ಯಾಹ್ನ ಆಚೆ ಕೋಣೆಯಿಂದ ಕೂಗು ಬಂತು.

"ಏ ಸುಜಿ! ಇನ್ನಾ ಬರ್ಲಿಕತ್ತದ! ಗ್ವಾಡ್ಯಾಗಿಂದ ಬರ್ಲಿಕತ್ತದ ನಿನ್ನ ಇಲಿ!"

ನಮ್ಮ ಕಡೆ ಮೇಜು ಎಂದರೆ ಗೋಡೆಗೆ ಕೂರಿಸಿದ ಫರಸಿ ಹಲಗೆ. ನಮ್ಮ ಮನೆಯಲ್ಲಿ ಒಂದೇ ಹಲಗೆ ಗೋಡೆ ದಾಟಿ ಹೋಗಿದೆ. ಈಚೆ ನನ್ನ ಕಂಪ್ಯೂಟರು, ಆಚೆ ಅದಕ್ಕೆ ತಾಗಿ ವೈನಿಯ ಮಂಚ. ಸ್ವಿಚ್ಚು ಸುಮ್ಮನಾಗಿತ್ತು. ನಾನು ಮೌಸನ್ನು ಎತ್ತಿ ಇಡುವ ಕುಟ್ಟು ಕಲ್ಲಿನೊಳಗಿಂದ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಕಲ್ಲಿನ ಮೇಲೇ ಬದುಕಿದವಳಿಗೆ ಇದು ಹೊಳೆದಿರಲಿಲ್ಲ.

ಇದೆಲ್ಲ ಆಮೇಲೆ ಯೋಚಿಸಿದ್ದು. ಆ ಗಳಿಗೆಯಲ್ಲಿ ಹಲಗೆಗೆ ಕಿವಿ ಇಟ್ಟು ನೋಡಲಿಲ್ಲ. ತೊಡೆಯ ಮೇಲೆ ಒಂದು ಪುಸ್ತಕ ಇಟ್ಟುಕೊಂಡು ಮೌಸನ್ನು ಅದರ ಮೇಲಿಟ್ಟೆ.

"ತಪ್ಪಾತ್ರಿ ವೈನಿ. ತೆಗದೆ."

"ಭಾಳ ನೋಯ್ತದ," ಎಂದರು.

ಎದ್ದು ಹೋಗಿ ಅವರ ಬಲಕ್ಕೆ ಕೂತೆ. ಅಂದು ಬಹಳ ಹೊತ್ತು ಹೇಳಿದರು: ನಾಲಿಗೆಗೆ ಉಪ್ಪು ಹತ್ತುವುದಿಲ್ಲ, ತುತ್ತು ಕೆನ್ನೆಯಲ್ಲೇ ಉಳಿಯುತ್ತದೆ, ತವರಿಗೆ ಹೋಗಲು ನಾಚಿಕೆ. ಪೆನ್ನು ಕೈಯಲ್ಲಿರಲಿಲ್ಲ. ಈಗ ಎಡಗಣ್ಣು ಮುಚ್ಚುತ್ತದೆ, ನಗು ಇನ್ನೂ ಒಂದು ಕಡೆ ಎಳೆಯುತ್ತದೆ. ಪೂರ್ತಿ ಸರಿಯಾಗುತ್ತದೆಯೋ ಡಾಕ್ಟರೂ ಖಚಿತವಾಗಿ ಹೇಳಿಲ್ಲ. ಕುಕ್ಕರ್ ಇಡುವ ಮುಂಚೆ ಹೇಳಲಿಲ್ಲವೆಂದು ಇವತ್ತು ಬೆಳಿಗ್ಗೆ ವೈನಿ ಓಣಿಗೆಲ್ಲ ಕೇಳುವಂತೆ ನನ್ನನ್ನು ಬೈದರು.