ಅತ್ತೆ ಹಾಡಿದ ಕೋಡ್

“ಕೆ ಸೆವೆನ್ ಎಂ ಟೂ, ಕ್ಯೂ ನೈನ್...” ಅವರೆಕಾಯಿ ಸುಲಿಯುತ್ತಿದ್ದ ನಮ್ಮತ್ತೆ ಇದ್ದಕ್ಕಿದ್ದಂತೆ ಸೋಬಾನೆ ಧಾಟಿಯಲ್ಲಿ ಹಾಡತೊಡಗಿದಾಗ, ಕಳೆದುಹೋದ ಕಾರ್ಡಿಗಾಗಿ ಮನೆಯೆಲ್ಲ ತಡಕಾಡುತ್ತಿದ್ದ ನಾನು ಹಾಗೇ ನಿಂತುಬಿಟ್ಟೆ. ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವ ಕೋಡ್ ಆ ಕಾರ್ಡಿನಲ್ಲಿತ್ತು. ಹಾಕದಿದ್ದರೆ ಸೋಮವಾರದಿಂದ ನನ್ನ ಆಫೀಸಿನ ಪ್ರೋಗ್ರಾಂಗಳೇ ತೆರೆಯುತ್ತಿರಲಿಲ್ಲ.

ಜರಗನಹಳ್ಳಿಯಲ್ಲೇ ಹುಟ್ಟಿ ಬೆಳೆದ ಅತ್ತೆಗೆ ಓದು ಬರಹ ಬಾರದು. ಗ್ಯಾಸ್ ನಂಬರು, ಮಗಳ ಫೋನ್ ನಂಬರು, ಎಲ್ಲವನ್ನೂ ಹಾಡು ಕಟ್ಟಿಯೇ ನೆನಪಿಟ್ಟುಕೊಳ್ಳುತ್ತಾರೆ.

“ಅವತ್ತು ಸರಿಯಿದ್ಯಾ ಅಂತ ಅಂಗಡಿಯವ್ರಿಗೆ ಫೋನಲ್ಲಿ ಓದಿ ಹೇಳ್ತಿದ್ಯಲ್ಲಮ್ಮ, ಅದೇ ತಾನೆ ನೀನು ಹುಡುಕ್ತಿರೋದು? ಕೂತ್ಕೋ, ನಿಧಾನಕ್ಕೆ ಹೇಳ್ತೀನಿ” ಎಂದರು.

ಅವರು ಹಾಡಿದರು, ನಾನು ಒತ್ತುತ್ತಾ ಹೋದೆ. ಒಂದಕ್ಷರವೂ ತಪ್ಪಲಿಲ್ಲ. ಕೋಡ್ ಸರಿಯಿದೆಯೆಂದು ಪರದೆಯ ಮೇಲೆ ಮೂಡಿತು.

“ಅದು ಯಾವ ಹಾಡಿನ ಧಾಟಿ, ಅತ್ತೆ?” ಎಂದೆ.

ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗಿನ ಹಾಡಂತೆ. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ನಾನು ಒಮ್ಮೆಯೂ ಕೇಳಿರಲಿಲ್ಲ. ಅವರು ಆ ಹಾಡನ್ನು ಮೊದಲಿನಿಂದ ಶುರು ಮಾಡಿದರು. ಕಂಪ್ಯೂಟರು ಅಪ್‌ಗ್ರೇಡ್ ಮುಗಿಸಿ, ತಾನೇ ಆಫ್ ಆಗಿ, ಆನ್ ಆಗಿ, ನನಗಾಗಿ ಕಾಯುತ್ತಾ ಕೂತಿತು. ಹಾಡು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.