ಗೆದ್ದ ತಂಬಿಗೆ

ಮಾನ್ವಿಯ ಬೇಸಿಗೆಯಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಕಾದ ನೀರೇ. ಒಂದು ಮಧ್ಯಾಹ್ನ ನಾನು ಅದನ್ನೇ ಹಿಡಿದು, ಐಸ್ ಆಗಲೆಂದು ಫ್ರಿಜ್ಜಿನಲ್ಲಿಡಲು ಹೊರಟಿದ್ದೆ. ದೇವದುರ್ಗದಿಂದ ಬಂದಿದ್ದ ನಮ್ಮ ಅತ್ತೆ ತಡೆದರು.

"ಗಡಿಗ್ಯಾಗ ತಣ್ಣನ್ನ ನೀರು ಇರೂವಾಗ ಬಿಸಿನೀರು ಯಾಕಿಡ್ತೀರಿ, ಅಳಿಯಂದ್ರ?"

"ಒಮ್ಮೊಮ್ಮಿ ಬಿಸಿನೀರ ಮೊದಲು ಗಟ್ಟಿ ಆಗ್ತದರಿ, ಅತ್ತಿ," ಎಂದೆ.

ಅತ್ತೆ ಮಗಳ ಕಡೆ ತಿರುಗಿ, "ಇವರು ಸಾಲ್ಯಾಗ ಇದನ್ನ ಕಲಿಸ್ತಾರೇನವ್ವಾ?" ಎಂದು ಕೇಳಿದರು. ನನ್ನ ಹೆಂಡತಿ ನಕ್ಕಳು. ನಾನು ಹೈಸ್ಕೂಲಿನ ವಿಜ್ಞಾನ ಮಾಸ್ತರ. ಅಳಿಯನಾಗಿ ಹದಿನೈದು ವರ್ಷವಾದರೂ ಅತ್ತೆ ನನ್ನ ಒಂದು ಮಾತನ್ನೂ ಪೂರ್ತಿ ನಂಬಿದವರಲ್ಲ. ಸಿಟ್ಟು ಬಂತು. ಪರೀಕ್ಷೆ ಮಾಡಿಯೇ ಬಿಡೋಣ ಎಂದೆ. ಈ ಸಲವಾದರೂ ಅವರ ಬಾಯಿಂದ "ನೀವು ಹೇಳಿದ್ದು ಖರೆ" ಅನ್ನಿಸಲೇಬೇಕಿತ್ತು.

ನಾನು ಪಾತ್ರೆಯಲ್ಲಿ ಏನಾದರೂ ಮೋಸ ಮಾಡಿಯೇನೆಂದು ಅತ್ತೆ ಊರಿಂದ ತಂದಿದ್ದ ತಮ್ಮ ಸ್ಟೀಲ್ ತಂಬಿಗೆಯನ್ನೇ ಮುಂದಿಟ್ಟರು. ಅದರಲ್ಲಿ ಅರ್ಧದಷ್ಟು ಕುದಿಯುವ ನೀರು, ಅಂಥದ್ದೇ ನಮ್ಮ ತಂಬಿಗೆಯಲ್ಲಿ ಅಷ್ಟೇ ಗಡಿಗೆಯ ನೀರು. ಎರಡನ್ನೂ ಫ್ರೀಜರಿನ ಮಂಜಿನ ಮೇಲೆ ಇಟ್ಟೆ. ಅತ್ತೆ ಎದುರಿಗೇ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಬಾಗಿಲು ತೆಗೆದು ನೋಡಬಾರದೆಂದು ಅವರಿಗೆ ಪಾಠ ಮಾಡಿ, ಅವರು ತೂಕಡಿಸಿದಾಗ ನಾನೇ ನಾಲ್ಕು ಸಲ ತೆಗೆದು ನೋಡಿದೆ.

ಸಂಜೆಗೆ ಗಡಿಗೆಯ ನೀರಿನ ಮೇಲೆ ಬರೀ ಕೆನೆಯಂಥ ಪದರ. ಅತ್ತೆಯ ತಂಬಿಗೆಯ ನೀರು ಕಲ್ಲಾಗಿತ್ತು. ಬಿಸಿ ತಳ ಕೆಳಗಿನ ಮಂಜನ್ನು ಕರಗಿಸಿ ಫ್ರೀಜರಿನ ತಗಡಿಗೇ ತಾಗಿ ಕೂತಿತ್ತು, ಅದಕ್ಕೇ ಬೇಗ ತಣಿದಿತ್ತು. ತೋರಿಸೋಣವೆಂದು ಖುಷಿಯಿಂದ ಎಳೆದೆ. ಬರಲಿಲ್ಲ. ಕರಗಿದ್ದ ಮಂಜು ಮತ್ತೆ ಗಟ್ಟಿಯಾಗಿ ತಂಬಿಗೆಯನ್ನು ಕಚ್ಚಿ ಹಿಡಿದಿತ್ತು.

"ನನ್ನ ತಂಬಿಗಿ ಬಿಟ್ಟು ನಾ ಊರಿಗೆ ಹೋಗಂಗಿಲ್ಲ," ಎಂದರು ಅತ್ತೆ.

ಫ್ರಿಜ್ ಆರಿಸಿ ಸ್ವಲ್ಪ ಹೊತ್ತು ಕಾಯಬೇಕೆಂಬುದು ವಿಜ್ಞಾನ ಮಾಸ್ತರನಿಗೆ ಹೊಳೆಯಲಿಲ್ಲ. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಚಾಕು ತಂದು ಮೀಟಿದೆ. ತಂಬಿಗೆ ಕಳಚಿತು. ಅದರ ಬೆನ್ನಿಗೇ ಚಾಕು ಚುಚ್ಚಿದ ತಗಡಿನೊಳಗಿಂದ ಸುಸ್ ಎಂದು ತಂಪು ಮಾಡುವ ಗ್ಯಾಸ್ ಹೊರಟುಹೋಯಿತು.

ಮರುದಿನ ರಾಯಚೂರಿನಿಂದ ಬಂದ ಮೆಕ್ಯಾನಿಕ್ ತೂತು ನೋಡಿ, "ಯಾರ್ರಿ ಈ ಕೆಲಸ ಮಾಡಿದ್ದು?" ಎಂದ. ಹೆಂಡತಿ ಗೋಡೆ ನೋಡಿದಳು. ನಾನು ನೆಲ ನೋಡಿದೆ. ಅತ್ತೆ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ನಿಧಾನವಾಗಿ ನನ್ನ ಕಡೆ ತಿರುಗಿದರು.

"ನೀವು ಹೇಳಿದ್ದು ಖರೆ ಅದ, ಅಳಿಯಂದ್ರ. ಬಿಸಿನೀರ ಮೊದಲು ಗಟ್ಟಿ ಆತು. ಈಗ ನನಗೊಂದು ಗ್ಲಾಸ್ ತಣ್ಣನ್ನ ನೀರು ಕೊಡ್ರಿ."

ನಾನು ಗಡಿಗೆಯ ಕಡೆ ಹೋದೆ.