ಲ್ಯಾಮಿನೇಟ್ ಮಾಡಿದ ಅರ್ಜಿಯೊಂದಿಗೆ ಉಳ್ಳಾಲಕ್ಕೆ

ಬೆಳಿಗ್ಗೆ ಹನ್ನೊಂದಕ್ಕೆ ಬಲ್ಮಠದಲ್ಲಿ ಬಸ್ಸು ಹತ್ತಿದೆವು. ಟಿಕೆಟು ತಲಾ ಇಪ್ಪತ್ತು ರೂಪಾಯಿ, ದಾರಿ ಸುಮಾರು ಹತ್ತು ಕಿಲೋಮೀಟರು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ನನ್ನ ಜೊತೆ ನಿವೃತ್ತ ಶಿಕ್ಷಕಿ ಸ್ಟೆಲ್ಲಾ ಟೀಚರ್ ಮತ್ತು ಕಿಮ್ ಇದ್ದರು. ಮಣಿಪುರದ ಗಲಭೆಯಲ್ಲಿ ಮನೆ ಸುಟ್ಟು ಪರಿಹಾರ ಶಿಬಿರ ಸೇರಿದ್ದ ಕಿಮ್‌ಳನ್ನು ಟೀಚರ್ ಮತ್ತು ಅವರ ಗೆಳತಿಯರು ಇಲ್ಲಿಗೆ ಕರೆಸಿ ಎರಡು ವರ್ಷ ಪಿಯುಸಿ ಓದಿಸಿದ್ದಾರೆ. ಉಳ್ಳಾಲದ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಪ್ರವೇಶದ ಅರ್ಜಿ ಅಂದು ಹನ್ನೆರಡರೊಳಗೆ ತಲುಪದಿದ್ದರೆ ಸೀಟು ಇನ್ನೊಬ್ಬರಿಗೆ. ಕಾಲೇಜಿನಲ್ಲಿ ಖಾಲಿ ಫಾರ್ಮುಗಳು ಮುಗಿದಿದ್ದವು. ನಮ್ಮ ಬಳಿ ಇದ್ದದ್ದು ಒಂದೇ.

ಪಂಪ್‌ವೆಲ್ ದಾಟಿದ ಮೇಲೆ ಟೀಚರ್ ಹೆಮ್ಮೆಯಿಂದ ಫೈಲು ಬಿಚ್ಚಿದರು. ಕಿಮ್‌ಳ ಹತ್ತನೆಯ ತರಗತಿಯ ಅಂಕಪಟ್ಟಿ ಮನೆಯೊಂದಿಗೇ ಸುಟ್ಟು, ಹೊಸತು ಪಡೆಯಲು ಏಳು ತಿಂಗಳು ಹಿಡಿದಿತ್ತು. ಇನ್ನು ಯಾವ ಕಾಗದವೂ ಹಾಳಾಗಬಾರದೆಂದು ಟೀಚರ್ ಹಿಂದಿನ ದಿನ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿದ್ದರು. ಎಲ್ಲವನ್ನೂ ಎಂದರೆ, ಅರ್ಜಿಯನ್ನೂ.

"ಟೀಚರ್, ಇದಕ್ಕೆ ನಾನು ಸಹಿ ಹಾಕಿಲ್ಲ" ಎಂದಳು ಕಿಮ್.

ನೇತ್ರಾವತಿ ಸೇತುವೆ ಮುಗಿಯುವವರೆಗೆ ಟೀಚರ್ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ, "ಅಂಗಡಿಯವನಾದರೂ ಕೇಳಬಹುದಿತ್ತಲ್ಲ ಮಾರಾಯ್ತಿ" ಎಂದರು.

ಬಾಲ್‌ಪೆನ್ನು ಜಾರಿತು. ನನ್ನ ಇಂಕ್ ಪೆನ್ನಿನ ಶಾಯಿ ಹನಿಯಾಗಿ ನಿಂತಿತು. ಪ್ಲಾಸ್ಟಿಕ್ ಸುಲಿಯಲು ಹೋದರೆ ಕಾಗದವೂ ಜೊತೆಗೇ ಬರುವಂತಿತ್ತು. ಥರ್ಮಾಕೋಲ್ ಪೆಟ್ಟಿಗೆಗಳೊಂದಿಗೆ ಪಕ್ಕದಲ್ಲಿ ಕೂತಿದ್ದ ಮೀನು ವ್ಯಾಪಾರಿಯೊಬ್ಬರು ಇದನ್ನೆಲ್ಲ ನೋಡಿ, ಪೆಟ್ಟಿಗೆಗಳ ಮೇಲೆ ಹೆಸರು ಬರೆಯುವ ದಪ್ಪ ಮಾರ್ಕರನ್ನು ಜೇಬಿನಿಂದ ತೆಗೆದರು.

"ಇದರಲ್ಲಿ ಹಾಕಿಸಿ ಟೀಚರಮ್ಮ. ಐಸ್ ನೀರಿಗೂ ಹೋಗುವುದಿಲ್ಲ."

ಕಿಮ್ ಸಹಿ ಮಾಡುವಾಗಲೇ ತೊಕ್ಕೊಟ್ಟಿನಲ್ಲಿ ಬಸ್ಸು ಗುಂಡಿಗಿಳಿಯಿತು. ಸಹಿಯ ಬಾಲ ಅವಳ ಫೋಟೋದ ಗಲ್ಲದವರೆಗೆ ಹೋಯಿತು.

ಕಾಲೇಜು ತಲುಪಿದಾಗ ಹನ್ನೊಂದು ಐವತ್ತು. ಗುಮಾಸ್ತರು ಅರ್ಜಿಯನ್ನು ಬೆಳಕಿಗೆ ಹಿಡಿದರು, ಸಹಿಯನ್ನು ಬೆರಳಿನಿಂದ ಉಜ್ಜಿದರು, ಬಳಿಕ ಮೂಸಿದರು.

"ಇದನ್ನು ಎಂತ ಮಾಡುವುದು ಟೀಚರ್? ಫೈಲಿಗೆ ಹಾಕುವುದಾ, ಗೋಡೆಗೆ ತೂಗುವುದಾ?"

ಲ್ಯಾಮಿನೇಟ್ ಮಾಡಬಾರದೆಂದು ಫಾರ್ಮಿನಲ್ಲಿ ಎಲ್ಲಿ ಬರೆದಿದೆ ಎಂದು ಟೀಚರ್ ತರಗತಿಯ ದನಿಯಲ್ಲಿ ಕೇಳಿದರು. ಗುಮಾಸ್ತರು ಎರಡೂ ಬದಿ ಓದಿದರು. ಬರೆದಿರಲಿಲ್ಲ. ಸೀಲು ಒತ್ತಿದರೆ ಅದೂ ಜಾರಿತು. ಕೊನೆಗೆ ಬಿಳಿ ಚೀಟಿ ಅಂಟಿಸಿ, ಅದರ ಮೇಲೆ ಒತ್ತಿ, ಕಿಮ್‌ಳ ಕೈಗೆ ಪ್ರವೇಶ ಪತ್ರ ಕೊಟ್ಟರು. ಹನ್ನೆರಡಕ್ಕೆ ಎರಡು ನಿಮಿಷ ಉಳಿದಿತ್ತು.

ಚಹಾ ಮತ್ತು ಬನ್ಸ್ ಮುಗಿಸಿ ಮರಳುವ ಬಸ್ಸು ಹಿಡಿದೆವು. ತೊಕ್ಕೊಟ್ಟಿನಲ್ಲಿ ಲ್ಯಾಮಿನೇಶನ್ ಅಂಗಡಿಯ ಬೋರ್ಡು ಕಂಡದ್ದೇ ಟೀಚರ್ ಪತ್ರಕ್ಕಾಗಿ ಕೈ ಚಾಚಿದರು.

"ಜೆರಾಕ್ಸ್ ಸಾಕು ಟೀಚರ್" ಎಂದ ಕಿಮ್, ಪತ್ರವನ್ನು ಫೈಲಿನೊಳಗಿಟ್ಟು ಫೈಲಿನ ಮೇಲೆ ಕೂತಳು. ಬಲ್ಮಠ ಬರುವವರೆಗೆ ಏಳಲಿಲ್ಲ.